ಎಂಟು ಯಂತ್ರಗಳ ನೀರು

ಆ ಆಸ್ಪತ್ರೆಯ ಡಯಾಲಿಸಿಸ್ ವಿಭಾಗದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ರೋಗಿಗಳಿಗೂ ನರ್ಸುಗಳಿಗೂ ನೆಲ ಒರೆಸುವವರಿಗೂ ಅವಳು ನೀರಕ್ಕ. ಮೊದಮೊದಲು ಯಾರೋ ತಮಾಷೆಗೆ ಕರೆದದ್ದು ಹನ್ನೊಂದು ವರ್ಷದಲ್ಲಿ ಅಂಟಿಕೊಂಡುಬಿಟ್ಟಿತ್ತು. ವಾರ್ಡಿನ ಹಿಂಬಾಗಿಲು ದಾಟಿ ಆರು ಮೆಟ್ಟಿಲು ಇಳಿದರೆ ಅವಳ ಕೋಣೆ. ಇದ್ದದ್ದು ಒಂದೇ ಕಿಟಕಿ, ಅದೂ ಕತ್ತೆತ್ತಿದರೆ ಮಾತ್ರ ಕಾಣುವಷ್ಟು ಎತ್ತರದಲ್ಲಿ. ಗೋಡೆಗುಂಟ ಆಳೆತ್ತರದ ನಾಲ್ಕು ಸಿಲಿಂಡರುಗಳು. ಒಂದರಲ್ಲಿ ಮರಳು, ಎರಡರಲ್ಲಿ ಇದ್ದಿಲು, ನಾಲ್ಕನೆಯದರಲ್ಲಿ ಸಾಸಿವೆ ಕಾಳಿನಂಥ ಹಳದಿ ಹರಳು. ಅವುಗಳ ಪಕ್ಕದಲ್ಲಿ ಉದ್ದಕ್ಕೆ ಮಲಗಿಸಿದ ಬಿಳಿ ಕೊಳವೆಗಳು, ಅವುಗಳೊಳಗೆ ಸುರುಳಿ ಸುತ್ತಿದ ಪೊರೆ. ಪಂಪು ಬೆಳಗಿನಿಂದ ಸಂಜೆಯವರೆಗೆ ಗುಂಯ್ ಎನ್ನುತ್ತಲೇ ಇರುತ್ತಿತ್ತು. ಆ ಸದ್ದಿನ ನಡುವೆ ಬದುಕಿ ಬದುಕಿ ಅವಳು ಮನೆಯಲ್ಲೂ ತುಸು ಜೋರಾಗಿಯೇ ಮಾತಾಡುತ್ತಿದ್ದಳು.

ಊರಿನ ನಲ್ಲಿ ನೀರು ಈ ಕೋಣೆಯಲ್ಲಿ ಸೋಸಿ, ಸುಣ್ಣ ಉಪ್ಪು ಎಲ್ಲ ಕಳೆದುಕೊಂಡು ಮೇಲಿನ ಎಂಟು ಯಂತ್ರಗಳಿಗೆ ಹೋಗಬೇಕು. ಕೇಳಿದರೆ ಸಣ್ಣ ಕೆಲಸ. ಆದರೆ ಅವಳಿಗೆ ತರಬೇತಿ ಕೊಟ್ಟ ಹಿರಿಯ ಮೆಕ್ಯಾನಿಕ್ ಮೊದಲ ದಿನವೇ ಒಂದು ಮಾತು ಹೇಳಿದ್ದ. "ನೋಡಮ್ಮ, ನಾವು ಬಾಯಿಂದ ಕುಡಿಯೋ ನೀರಿಗೆ ಕರುಳು ಕಾವಲಿರುತ್ತೆ. ಬೇಕಾದ್ದನ್ನ ಒಳಗೆ ಬಿಡುತ್ತೆ, ಬೇಡದ್ದನ್ನ ಹೊರಗೆ ಕಳ್ಸುತ್ತೆ. ಅಲ್ಲೂ ತಪ್ಪಿಸ್ಕೊಂಡು ಬಂದದ್ದನ್ನ ಮೂತ್ರಪಿಂಡ ಹಿಡಿಯುತ್ತೆ. ಈ ರೋಗಿಗಳಿಗೆ ಕೊಡೋ ನೀರಿಗೆ ಎರಡೂ ಕಾವಲಿಲ್ಲ. ಒಂದು ಸಲ ಮಲಗಿದ್ರೆ ನೂರಿಪ್ಪತ್ತು ಲೀಟರ್ ನೀರು ಅವರ ರಕ್ತದ ಪಕ್ಕದಲ್ಲೇ ಹರಿಯುತ್ತೆ. ನಡುವೆ ಇರೋದು ಕೂದಲೆಳೆಯಂಥ ಒಂದು ಗೋಡೆ. ಆ ಗೋಡೆಗೆ ಒಳ್ಳೇದು ಕೆಟ್ಟದ್ದು ಗೊತ್ತಾಗಲ್ಲ. ಜಾಸ್ತಿ ಇರೋ ಕಡೆಯಿಂದ ಕಮ್ಮಿ ಇರೋ ಕಡೆಗೆ ದಾಟಿಸ್ತಾ ಹೋಗುತ್ತೆ, ಅಷ್ಟೆ. ರಕ್ತದ ಕೊಳೆ ನೀರಿಗೆ ಬರುತ್ತೆ, ನಿಜ. ನೀರಲ್ಲಿ ಕೊಳೆ ಇದ್ರೆ ಅದು ರಕ್ತಕ್ಕೆ ಹೋಗುತ್ತೆ."

ಆ ಮಾತು ಅವಳ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತ್ತು. ಮೊದಲೇ ಅವಳದು ಹೆದರುವ ಜೀವ. ಬಾಗಿಲಿಗೆ ಬೀಗ ಹಾಕಿ ಬೀದಿಯ ತುದಿಯವರೆಗೆ ಹೋಗಿ, ಮತ್ತೆ ವಾಪಸ್ಸು ಬಂದು ಬೀಗ ಎಳೆದು ನೋಡುವವಳು. ಲೇತ್ ಕಾರ್ಖಾನೆಯಲ್ಲಿ ದುಡಿಯುವ ಗಂಡ ಇದಕ್ಕೆ ನಗುತ್ತಿದ್ದ. ನಗದೆ ಇದ್ದವರು ಮಾವ ಒಬ್ಬರೇ.

ಮಾವ ಮೂವತ್ತೊಂದು ವರ್ಷ ಬಸ್ಸು ಓಡಿಸಿದವರು. ನಿವೃತ್ತಿಯಾದ ಎರಡನೇ ವರ್ಷಕ್ಕೆ ಎರಡೂ ಮೂತ್ರಪಿಂಡಗಳು ಕೈಕೊಟ್ಟವು. ಈಗ ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದ ಸರದಿಯಲ್ಲಿ ಆರನೇ ಯಂತ್ರ ಅವರದು. ಸೊಸೆ ಕೆಳಗೆ, ಮಾವ ಮೇಲೆ. ದಿನಕ್ಕೆ ಮುಕ್ಕಾಲು ಲೀಟರಿಗಿಂತ ಹೆಚ್ಚು ನೀರು ಅವರ ಹೊಟ್ಟೆಗೆ ಇಳಿಯುವಂತಿಲ್ಲ, ಏಕೆಂದರೆ ಒಳಗೆ ಹೋದದ್ದು ಹೊರಗೆ ಬರುವ ದಾರಿಯೇ ಇಲ್ಲ. ಅದು ಕಾಲಿಗೆ, ಮುಖಕ್ಕೆ, ಕೊನೆಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಆದ್ದರಿಂದ ಮನೆಯಲ್ಲಿ ಒಂದು ಗೆರೆ ಹಾಕಿದ ಬಾಟಲಿ, ಬಚ್ಚಲ ಬಾಗಿಲಲ್ಲಿ ತೂಕದ ಯಂತ್ರ, ಮತ್ತು ಇಬ್ಬರ ನಡುವೆ ಮುಗಿಯದ ಜಗಳ.

"ಮಾವ, ನಿನ್ನೆಯಿಂದ ಒಂದು ಕೆಜಿ ಎಂಟುನೂರು ಏರಿದೆ. ಎಲ್ಲಿಂದ ಬಂತು?"

"ನಿನ್ನ ಅಡುಗೆ ಒಗ್ಗಿದೆ ಕಣಮ್ಮ, ದಪ್ಪ ಆಗ್ತಿದ್ದೀನಿ."

"ಫ್ರಿಜ್ಜಲ್ಲಿ ಐಸ್ ಟ್ರೇ ಖಾಲಿ ಇದೆ."

"ಐಸು ನೀರಲ್ಲ. ನೀರು ಕುಡೀಬೇಡ ಅಂದ್ರು ಡಾಕ್ಟರು. ಐಸು ಚೀಪಬೇಡ ಅಂದ್ರಾ?"

ಅವಳು ತಲೆ ಚಚ್ಚಿಕೊಂಡು ಒಳಗೆ ಹೋಗುತ್ತಿದ್ದಳು. ಮಾವ ಹಿಂದಿನಿಂದ ಹಾರ್ನ್ ಹೊಡೆದ ಸದ್ದು ಮಾಡುತ್ತಿದ್ದರು.

ಆ ವರ್ಷ ಬೇಸಿಗೆ ಬೇಗ ಬಂತು. ನಲ್ಲಿಯಲ್ಲಿ ನೀರು ದಿನಕ್ಕೆ ಒಂದೂವರೆ ಗಂಟೆಗೆ ಇಳಿಯಿತು. ಮಧ್ಯಾಹ್ನದ ಸರದಿಗೆ ನೀರು ಸಾಲುವುದೋ ಇಲ್ಲವೋ ಎಂದು ಅವಳು ಎರಡು ದಿನ ಒದ್ದಾಡಿದಳು. ಆದರೆ ವಿಚಿತ್ರವೆಂಬಂತೆ ನೀರು ಸಾಲುತ್ತಲೇ ಹೋಯಿತು. ಹೇಗೋ ಆಯಿತಲ್ಲ ಎಂದು ಸಮಾಧಾನಪಟ್ಟಳು. ಆ ಸಮಾಧಾನಕ್ಕಾಗಿ ಆಮೇಲೆ ಅವಳು ತನ್ನನ್ನು ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಹಾಗಿರುವಾಗ ಮಧ್ಯಾಹ್ನದ ಸರದಿಯವರಿಗೆ ತಲೆನೋವು ಶುರುವಾಯಿತು. ಮೊದಲು ಒಬ್ಬರಿಗೆ, ಮಾರನೆಯ ದಿನ ಮೂವರಿಗೆ. ಯಂತ್ರಕ್ಕೆ ಹಾಕಿ ಎರಡು ಗಂಟೆಯಾಗುತ್ತಲೇ ಹೊಟ್ಟೆ ತೊಳೆಸುವುದು, ಮೈಯೆಲ್ಲ ಬಿಸಿ, ರಕ್ತದೊತ್ತಡ ಏರುವುದು. ಡಯಾಲಿಸಿಸ್‌ನಲ್ಲಿ ಒತ್ತಡ ಸಾಮಾನ್ಯವಾಗಿ ಇಳಿಯುತ್ತದೆ. ಇಲ್ಲಿ ಎಲ್ಲ ಉಲ್ಟಾ. ವಿಭಾಗದ ಹಿರಿಯ ನರ್ಸನ್ನು ಎಲ್ಲರೂ ದೊಡ್ಡ ಸಿಸ್ಟರ್ ಎನ್ನುತ್ತಿದ್ದರು. ಅವರು ಬಿಸಿಲನ್ನು ದೂರಿದರು. ಕ್ಯಾಂಟೀನಿನ ಊಟವನ್ನು ದೂರಿದರು. ಎ.ಸಿ. ರಿಪೇರಿ ಮಾಡಿಸಿದರು.

ನೀರಕ್ಕ ತನ್ನ ರಿಜಿಸ್ಟರು ತೆಗೆದು ನೋಡಿದಳು. ದಿನಾ ಬೆಳಗ್ಗೆ ಆರೂವರೆಗೆ ಅವಳೇ ಮಾಡಿದ ಪರೀಕ್ಷೆ. ಗಾಜಿನ ನಳಿಗೆಯಲ್ಲಿ ನೀರು ಹಿಡಿದು ಮೂರು ಹನಿ ಔಷಧ ಬಿಡಬೇಕು. ನೀಲಿಯಾದರೆ ಸುಣ್ಣವಿಲ್ಲ, ದ್ರಾಕ್ಷಾರಸದ ಕೆಂಪಾದರೆ ಇದೆ. ಪುಟದ ತುಂಬ ನೀಲಿ, ನೀಲಿ, ನೀಲಿ. ಗೋಡೆಯ ಮೇಲಿನ ಮೀಟರು ನೀರಿನಲ್ಲಿ ಉಳಿದ ಉಪ್ಪು ಹನ್ನೊಂದು ಎಂದು ತೋರಿಸುತ್ತಿತ್ತು. ನಿನ್ನೆಯೂ ಹನ್ನೊಂದು, ಮೊನ್ನೆಯೂ ಹನ್ನೊಂದು. ನೀರಿನದೇನೂ ತಪ್ಪಿಲ್ಲ ಎಂದು ಅವಳು ಸಿಸ್ಟರಿಗೆ ಹೇಳಿದಳು. ಹೇಳಿ ಕೆಳಗಿಳಿದ ಮೇಲೂ ರಿಜಿಸ್ಟರನ್ನು ಇನ್ನೆರಡು ಸಲ ತಿರುವಿದಳು.

ಮಂಗಳವಾರ ಮಾವನಿಗೂ ತಲೆನೋವು ಬಂತು. ಮನೆಗೆ ಬಂದವರು ದೀಪ ಆರಿಸು ಎಂದು ಮಲಗಿಬಿಟ್ಟರು. ಐಸಿಗೂ ಜಗಳ ಮಾಡಲಿಲ್ಲ. ಬುಧವಾರವಿಡೀ ಅವಳ ಕಣ್ಣು ಅವರ ಮೇಲೆಯೇ ಇತ್ತು.

ಗುರುವಾರ ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ನೀರಿನ ಕೋಣೆಯ ಬಾಗಿಲಲ್ಲಿ ಬಳ್ಳಿ ಬಂದು ನಿಂತಳು. ಆಸ್ಪತ್ರೆಯ ಹಿತ್ತಲಿನ ತೋಟ ನೋಡಿಕೊಳ್ಳುವವಳು ಅವಳು. ಉದ್ದಕ್ಕೆ ತೆಳ್ಳಗೆ ಇದ್ದುದರಿಂದ ಆ ಅಡ್ಡಹೆಸರು. ಪೊರೆ ದಾಟಲಾಗದೆ ಉಳಿದ ನೀರು, ಅಂದರೆ ಉಪ್ಪು ಸುಣ್ಣವೆಲ್ಲ ಸೇರಿಕೊಂಡ ನೀರು, ಒಂದು ಕೊಳವೆಯ ಮೂಲಕ ಹಿತ್ತಲಿನ ಡ್ರಮ್ಮಿಗೆ ಬೀಳುತ್ತಿತ್ತು. ಚೆಲ್ಲುವ ಬದಲು ಗಿಡಕ್ಕಾದರೂ ಆಗಲಿ ಎಂದು ವರ್ಷಗಳಿಂದ ಬಳ್ಳಿ ಅದನ್ನೇ ಬಳಸುತ್ತಿದ್ದಳು.

"ಅಕ್ಕ, ಒಂದ್ನಿಮಿಷ ಬರ್ತೀರಾ? ನನ್ನ ಟೊಮೇಟೊ ಸಸಿ ಎಲ್ಲ ತಲೆ ಬಗ್ಗಿಸ್ಬಿಟ್ಟಿದೆ."

"ಬಿಸಿಲು ಕಣೆ. ನೀರು ಹಾಕು."

"ಅದೇ ಹೇಳ್ತಿರೋದು. ಮಣ್ಣು ಒದ್ದೆ ಇದೆ. ಬೆರಳು ಹಾಕಿ ನೋಡಿದೆ, ಕೆಸರು ಕೆಸರು. ಆದ್ರೂ ಬಾಡ್ತಿದೆ. ಹಾಕಿದಷ್ಟೂ ಬಾಡ್ತಿದೆ."

ಅವಳ ಮಾತಿನ ಕೊನೆಯ ತುಂಡು ನೀರಕ್ಕನ ಕಿವಿಗೆ ಬೇರೆ ಥರ ಕೇಳಿಸಿತು. ಕೈ ಒರೆಸಿಕೊಂಡು ಹಿತ್ತಲಿಗೆ ಹೋದಳು. ಸಸಿಗಳು ಬಿಸಿನೀರು ಸುರಿದಂತೆ ಜೋತುಬಿದ್ದಿದ್ದವು. ಗುಲಾಬಿ ಎಲೆಗಳ ಅಂಚು ಕಂದು ಬಣ್ಣಕ್ಕೆ ತಿರುಗಿ ಗರಿಗರಿಯಾಗಿತ್ತು. ಮಣ್ಣಿನ ಮೇಲೆ, ಕುಂಡಗಳ ಬಾಯಿಯ ಸುತ್ತ, ಹಿಟ್ಟು ಉದುರಿಸಿದಂತೆ ಬಿಳಿ ಪುಡಿ.

"ಇದು ಯಾವಾಗಿಂದ?"

"ಒಂದು ವಾರ ಆಯ್ತೇನೋ. ಬೇರು ಬಾಯಿ ಮುಚ್ಕೊಂಡ ಹಾಗಿದೆ ಅಕ್ಕ."

ಬೇರು ಬಾಯಿ ಮುಚ್ಚಿಕೊಂಡಿರಲಿಲ್ಲ. ಅದಕ್ಕಿಂತ ಕೆಟ್ಟದ್ದು ನಡೆದಿತ್ತು. ಬೇರಿನ ತೊಗಟೆಯೂ ಒಂದು ಪೊರೆಯೇ. ಮಣ್ಣಿನ ನೀರು ತಿಳಿಯಾಗಿ ಒಳಗಿನ ರಸ ಗಟ್ಟಿಯಾಗಿದ್ದರೆ ನೀರು ಒಳಗೆ ಹೋಗುತ್ತದೆ, ಕಾಂಡದ ಸಣ್ಣ ನಾಳಗಳಲ್ಲಿ ಏರುತ್ತದೆ, ಎಲೆಯಿಂದ ಆವಿಯಾಗುತ್ತದೆ. ಹೊರಗಿನ ನೀರೇ ಉಪ್ಪಾಗಿಬಿಟ್ಟರೆ ಗಿಡಕ್ಕೆ ಎಳೆಯಲು ಆಗುವುದಿಲ್ಲ. ಉಪ್ಪು ಮಿತಿ ಮೀರಿದರೆ ಗಿಡದೊಳಗಿನ ನೀರೇ ಹೊರಗೆ ಬರತೊಡಗುತ್ತದೆ. ಕೆಸರಿನಲ್ಲಿ ನಿಂತು ಬಾಯಾರಿ ಸಾಯುವುದು. ನೀರಕ್ಕ ಜೇಬಿನಿಂದ ಉಪ್ಪು ಅಳೆಯುವ ಬೆರಳುದ್ದದ ಕೈಮೀಟರು ತೆಗೆದು ಡ್ರಮ್ಮಿಗೆ ಅದ್ದಿದಳು. ಮಾಮೂಲಿ ದಿನಗಳಲ್ಲಿ ಅದು ಆರುನೂರು ಚಿಲ್ಲರೆ ತೋರಿಸಬೇಕು. ಈಗ ನಾಲ್ಕು ಸಾವಿರದ ಇನ್ನೂರು ತೋರಿಸಿತು.

ಹೊರಹೋಗುವ ನೀರು ಇಷ್ಟು ಉಪ್ಪಾದರೆ ಒಳಬರುವ ನೀರು ಎಂಥದ್ದು?

"ಬಳ್ಳಿ, ನೆಲದಡಿಯ ಸಂಪ್ ಟ್ಯಾಂಕಿಗೆ ಯಾರಾದ್ರೂ ನೀರು ಹಾಕ್ತಿದ್ದಾರಾ?"

"ಟ್ಯಾಂಕರ್ ಬರುತ್ತಲ್ಲ ಅಕ್ಕ, ದಿನಾ ಹನ್ನೊಂದು ಗಂಟೆಗೆ. ನಿಮಗೆ ಗೊತ್ತಿಲ್ವಾ? ಮ್ಯಾನೇಜರ್ ಸಾಹೇಬ್ರು ಹೇಳಿ ಹತ್ತು ದಿನ ಆಯ್ತು."

ನೀರಕ್ಕ ಮೀಟರನ್ನು ಜೇಬಿಗೆ ತುರುಕಿದಳು. ಎಲ್ಲ ಒಂದೇ ಸಲಕ್ಕೆ ಕಣ್ಣೆದುರು ಬಂದು ನಿಂತಿತು. ಬೆಳಗಿನ ನಲ್ಲಿ ನೀರು ನದಿಯದು, ಮೆದು, ಸುಣ್ಣ ಕಡಿಮೆ. ಅವಳ ಪರೀಕ್ಷೆ ನಡೆಯುವುದು ಆಗಲೇ. ಹನ್ನೊಂದಕ್ಕೆ ಟ್ಯಾಂಕರಿನ ಕೊಳವೆಬಾವಿ ನೀರು ಸಂಪಿನೊಳಗೆ ಬೀಳುತ್ತದೆ, ಸುಣ್ಣ ಕಲಸಿದಂಥ ನೀರು. ಸುಣ್ಣ ಹಿಡಿದುಕೊಂಡು ಉಪ್ಪು ಬಿಟ್ಟುಕೊಡುವ ಹಳದಿ ಹರಳು ಗಂಟೆಯೊಳಗೆ ಸುಸ್ತಾಗುತ್ತದೆ. ಹನ್ನೆರಡಕ್ಕೆ ಮಧ್ಯಾಹ್ನದ ಸರದಿ ಶುರು.

ಓಡಿ ಬಂದು, ಮೇಲಿನ ಯಂತ್ರಗಳಿಗೆ ಹೋಗುವ ಕೊಳವೆಯಿಂದ ನಳಿಗೆಗೆ ನೀರು ಹಿಡಿದಳು. ಅವಸರಕ್ಕೆ ಮೊದಲ ಹನಿ ನೆಲಕ್ಕೆ ಬಿತ್ತು. ಮತ್ತೆ ಮೂರು ಹನಿ ಬಿಟ್ಟಳು. ಕೆಂಪು. ನಳಿಗೆ ಕೊಳೆಯಿರಬಹುದೆಂದು ಮೂರು ಸಲ ತೊಳೆದು ಮತ್ತೆ ಹಿಡಿದಳು. ಕಡುಕೆಂಪು. ಕೈಮೀಟರು ಇನ್ನೂರ ಹತ್ತು ಎಂದಿತು. ಗೋಡೆಯ ಮೀಟರು ಮಾತ್ರ ಏನೂ ಆಗಿಲ್ಲವೆಂಬಂತೆ ಹನ್ನೊಂದು ತೋರಿಸುತ್ತಿತ್ತು. ಅದು ಕೆಟ್ಟು ಎಷ್ಟು ದಿನವಾಗಿತ್ತೋ ಯಾರಿಗೆ ಗೊತ್ತು.

ನಳಿಗೆ ಹಿಡಿದುಕೊಂಡು ಆರು ಮೆಟ್ಟಿಲು ಹೇಗೆ ಹತ್ತಿದಳೋ ಅವಳಿಗೇ ನೆನಪಿಲ್ಲ. ವಾರ್ಡಿನೊಳಗೆ ಆಗಲೇ ಗಲಾಟೆ. ಮೂರನೇ ಯಂತ್ರದ ಟೈಲರಮ್ಮ ಟ್ರೇ ತುಂಬ ವಾಂತಿ ಮಾಡಿಕೊಂಡು ಕಣ್ಣು ತೇಲಿಸುತ್ತಿದ್ದಳು. ಒತ್ತಡ ಇನ್ನೂರ ಹತ್ತು ದಾಟಿತ್ತು. ಆರನೆಯದರಲ್ಲಿ ಮಾವ ಮೋರೆಯನ್ನು ಕೈಯಿಂದ ಮುಚ್ಚಿಕೊಂಡು ಮಲಗಿದ್ದರು. ಉಳಿದ ಆರು ಜನರಲ್ಲಿ ನೆಟ್ಟಗಿದ್ದವರು ಇಬ್ಬರು.

"ಸಿಸ್ಟರ್, ನಿಲ್ಲಿಸಿ. ಎಲ್ಲ ನಿಲ್ಲಿಸಿ. ನೀರು ಸರಿ ಇಲ್ಲ."

ದೊಡ್ಡ ಸಿಸ್ಟರ್ ತಿರುಗಿ ನೋಡಿದರು. "ಮೊನ್ನೆ ತಾನೆ ಸರಿ ಇದೆ ಅಂದ್ಯಲ್ಲ?"

"ಅಂದೆ. ತಪ್ಪಾಯ್ತು."

ಡಾಕ್ಟರಮ್ಮ ಆ ಹೊತ್ತಿನಲ್ಲಿ ಊರಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿದ್ದರು. ಫೋನು ಹೊಡೆದುಕೊಂಡೇ ಇತ್ತು, ಎತ್ತಲಿಲ್ಲ. ಸದ್ದು ಕೇಳಿ ಮ್ಯಾನೇಜರ್ ಬಂದ. ಕೆಟ್ಟವನೇನಲ್ಲ, ಕೆಲಸ ನಿಲ್ಲದಂತೆ ನೋಡಿಕೊಳ್ಳುವುದೇ ಆಡಳಿತ ಎಂದು ನಂಬಿದವನು.

"ಇನ್ನು ಒಂದೂವರೆ ಗಂಟೆ ತಾನೆ? ಮುಗಿಸಿಬಿಡಿ. ಆಮೇಲೆ ಕಂಪನಿಯವ್ರನ್ನ ಕರ್ಸೋಣ. ಮಧ್ಯದಲ್ಲಿ ನಿಲ್ಸಿ ಏನಾದ್ರೂ ಆದ್ರೆ ಯಾರು ಜವಾಬ್ದಾರಿ?"

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಅದೇ ಅವಳನ್ನು ತಡೆಯುತ್ತಿದ್ದದ್ದು. ಈ ಎಂಟು ಜನರ ರಕ್ತದಲ್ಲಿ ಎರಡು ದಿನದ ಪೊಟ್ಯಾಸಿಯಂ ತುಂಬಿತ್ತು. ಅದು ತೊಳೆದುಹೋಗದಿದ್ದರೆ ಹೃದಯ ಬಡಿತ ತಪ್ಪುತ್ತದೆ, ಒಮ್ಮೊಮ್ಮೆ ನಿಂತೇಹೋಗುತ್ತದೆ. ನಿಲ್ಲಿಸಿದರೆ ಆ ಭಯ. ನಿಲ್ಲಿಸದಿದ್ದರೆ ಪ್ರತಿ ನಿಮಿಷಕ್ಕೂ ಅರ್ಧ ಲೀಟರು ಸುಣ್ಣದ ನೀರು ರಕ್ತದ ಪಕ್ಕದಲ್ಲಿ ಹರಿಯುತ್ತದೆ. ಅವಳು ನಳಿಗೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು.  ದೊಡ್ಡ ಸಿಸ್ಟರ್ ಆ ಕೆಂಪನ್ನು ನೋಡಿದರು, ಟೈಲರಮ್ಮನನ್ನು ನೋಡಿದರು.

"ಹೋಗಿ ಮುಚ್ಚು," ಅಂದರು. "ರಕ್ತ ವಾಪಸ್ ಕೊಡೋದು ನಾವು ನೋಡ್ಕೋತೀವಿ."

ನೀರಕ್ಕ ಕೆಳಗಿಳಿದು ದೊಡ್ಡ ಕವಾಟದ ಕೆಂಪು ಹಿಡಿಯನ್ನು ಎರಡೂ ಕೈಯಲ್ಲಿ ತಿರುಗಿಸಿದಳು. ಮೇಲೆ ಎಂಟೂ ಯಂತ್ರಗಳು ಒಟ್ಟಿಗೆ ಕಿರುಚಿಕೊಂಡವು. ಹನ್ನೊಂದು ವರ್ಷದಲ್ಲಿ ಅವಳು ಕೇಳಬಾರದೆಂದು ಬೇಡಿಕೊಳ್ಳುತ್ತಿದ್ದ ಸದ್ದು ಅದು. ಮತ್ತೆ ಮೇಲೆ ಬಂದಾಗ ನರ್ಸುಗಳು ಮಂಚದಿಂದ ಮಂಚಕ್ಕೆ ಓಡುತ್ತಿದ್ದರು. ಕೊಳವೆಗಳಲ್ಲಿದ್ದ ರಕ್ತ ನಿಧಾನವಾಗಿ ಆಯಾ ತೋಳಿಗೆ ಹಿಂದಿರುಗುತ್ತಿತ್ತು.

ಮಾವ ಒಂದು ಕಣ್ಣು ತೆರೆದರು. "ಏನಮ್ಮ, ನನ್ನ ಗಾಡೀನ ನಡುದಾರೀಲಿ ನಿಲ್ಲಿಸ್ಬಿಟ್ಯಲ್ಲ."

"ಮುಂದೆ ರಸ್ತೆ ಕುಸಿದಿತ್ತು ಮಾವ," ಅಂದಳು. ಅಷ್ಟು ಹೇಳುವಷ್ಟರಲ್ಲಿ ಅಳು ನುಗ್ಗಿ ಬಂತು. ಗೋಡೆಯ ಕಡೆ ತಿರುಗಿ ನಿಂತಳು.

ಡಾಕ್ಟರಮ್ಮನ ಫೋನು ಇಪ್ಪತ್ತು ನಿಮಿಷದ ಮೇಲೆ ಬಂತು. ಮಾಡಿದ್ದು ಸರಿ, ಎಲ್ಲರ ರಕ್ತ ಪರೀಕ್ಷೆಗೆ ಕಳಿಸಿ ಎಂದರು. ಗಂಟೆಯೊಳಗೆ ತಾವೇ ಬಂದರು. ವರದಿ ಬಂದಾಗ ಎಂಟೂ ಜನರ ರಕ್ತದಲ್ಲಿ ಸುಣ್ಣ ಏರಿತ್ತು. ಮೂವರಿಗೆ ಪೊಟ್ಯಾಸಿಯಂ ಕೂಡ ಅಪಾಯದ ಗೆರೆಯ ಹತ್ತಿರವಿತ್ತು. ಆ ಮೂವರಲ್ಲಿ ಮಾವ ಒಬ್ಬರು. ಟೈಲರಮ್ಮನನ್ನು ತೀವ್ರ ನಿಗಾ ಘಟಕಕ್ಕೆ ಒಯ್ದರು. ಪಕ್ಕದ ಊರಿನ ಡಯಾಲಿಸಿಸ್ ಕೇಂದ್ರ ಇಬ್ಬರನ್ನು ಮಾತ್ರ ತೆಗೆದುಕೊಳ್ಳುತ್ತೇನೆ ಎಂದಿತು. ಒತ್ತಡ ಹಿಡಿತಕ್ಕೆ ಬಂದೊಡನೆ ಕಳಿಸುವುದೆಂದು ಡಾಕ್ಟರಮ್ಮ ಟೈಲರಮ್ಮನನ್ನೂ, ಜೊತೆಗೆ ಇನ್ನೊಬ್ಬರನ್ನೂ ಅಲ್ಲಿಗೆ ಬರೆದರು. ಉಳಿದವರು ನಾಳೆ ಬೆಳಗ್ಗೆ ಇಲ್ಲೇ ಮಲಗಬೇಕು. ಅವರ ಜೊತೆಗೆ ನಾಳೆಯ ಸರದಿಯ ರೋಗಿಗಳೂ ಇದ್ದರು.

"ಬೆಳಗ್ಗೆ ಎಂಟಕ್ಕೆ ಒಳ್ಳೆ ನೀರು ಕೊಡೋಕಾಗುತ್ತಾ?" ಡಾಕ್ಟರಮ್ಮ ಕೇಳಿದರು.

"ಗೊತ್ತಿಲ್ಲ ಮೇಡಂ. ಹರಳಿಗೆ ಉಪ್ಪುನೀರು ಕುಡಿಸಿದ್ರೆ ಅದು ಚೇತರಿಸ್ಕೊಳ್ಳುತ್ತೆ. ಆದ್ರೆ ಅದು ಸುಸ್ತಾದ್ರೂ ಪೊರೆ ತಡೀಬೇಕಿತ್ತು. ತಡೆದಿಲ್ಲ. ಎಲ್ಲೋ ಸೋರ್ತಿದೆ."

ಕಂಪನಿಯ ಮೆಕ್ಯಾನಿಕ್ ಬರುವುದು ಶನಿವಾರವಂತೆ. ನಾಲ್ಕು ಗಂಟೆಗೆ ಅವಳೇ ಬೋಲ್ಟು ಬಿಚ್ಚುವ ಪಾನಾ ಹಿಡಿದಳು. ಬಿಳಿ ಕೊಳವೆಯ ಮುಚ್ಚಳ ಅಲುಗಾಡಲಿಲ್ಲ. ಬಳ್ಳಿ ಬಂದು ಕೈಜೋಡಿಸಿದಳು. ಗುದ್ದಲಿ ಹಿಡಿದ ಕೈ. ಎರಡೇ ಎಳೆತಕ್ಕೆ ಮುಚ್ಚಳ ಬಂತು. ಒಳಗೆ, ಪೊರೆಯ ಸುರುಳಿ ಕೊಳವೆಗೆ ಕೂಡುವ ಜಾಗದಲ್ಲಿ, ಬಳೆಯಷ್ಟಗಲದ ರಬ್ಬರ್ ಉಂಗುರ ಒಂದು ಕಡೆ ಸೀಳಿಹೋಗಿತ್ತು. ಆ ಸೀಳಿನಿಂದ ನೀರು ಪೊರೆಯನ್ನು ದಾಟದೆಯೇ ನುಸುಳುತ್ತಿತ್ತು. ನದಿ ನೀರಿದ್ದಾಗ ಆ ಸೋರಿಕೆ ಯಾರಿಗೂ ತಿಳಿಯಲಿಲ್ಲ, ಸೋರುವ ನೀರೇ ಮೆದುವಾಗಿತ್ತು. ಟ್ಯಾಂಕರಿನ ನೀರು ಬಂದಾಗ ಅದು ಬಾಗಿಲೇ ಆಯಿತು. ಹೊಸ ಪೊರೆ ಬೇಕೆಂದು ಅವಳು ಬರೆದುಕೊಟ್ಟ ಕಾಗದ ನಾಲ್ಕು ತಿಂಗಳಿಂದ ಯಾವುದೋ ಮೇಜಿನ ಮೇಲೆ ಮಲಗಿತ್ತು.

ಹಳೆಯ ಬಿಸ್ಕತ್ತಿನ ಡಬ್ಬಿಯಲ್ಲಿ, ಯಾವಾಗಲೋ ಮೆಕ್ಯಾನಿಕ್ ಬಿಟ್ಟುಹೋದ ಬಿಡಿ ಉಂಗುರಗಳು ಸಿಕ್ಕವು. ಅಳತೆ ಹೊಂದುವುದು ಎರಡು. ಒಂದನ್ನು ಹಾಕುವಾಗ ಮುರುಚಿ ತುಂಡಾಯಿತು.  ಇನ್ನೊಂದಕ್ಕೆ ನೀರಕ್ಕ ಗ್ಲಿಸರಿನ್ ಸವರಿ, ಮಗುವಿಗೆ ಬಳೆ ತೊಡಿಸಿದಷ್ಟು ನಿಧಾನವಾಗಿ ಕೂರಿಸಿದಳು. ಕೂತಿತು. ಹರಳಿಗೆ ಉಪ್ಪುನೀರು ಕುಡಿಸಿ, ಟ್ಯಾಂಕರಿನ ನೀರನ್ನು ಇಬ್ಬರೂ ಸೇರಿ ಸಂಪಿನಿಂದ ಪೂರ್ತಿ ಚರಂಡಿಗೆ ಹರಿಸಿದರು. ಇನ್ನು ಬೆಳಗಿನ ನಲ್ಲಿ ನೀರು ಬಂದು, ತೊಳೆದು, ತುಂಬಿ, ಪರೀಕ್ಷೆ ಮಾಡುವವರೆಗೆ ಏನೂ ಹೇಳುವಂತಿರಲಿಲ್ಲ. ನಾಳೆ ನಲ್ಲಿಯೇ ಬಾರದಿದ್ದರೆ? ಉಂಗುರ ಒತ್ತಡಕ್ಕೆ ತಡೆಯದಿದ್ದರೆ?

ಸಂಜೆ ಮಾವನನ್ನು ಆಟೋದಲ್ಲಿ ಮನೆಗೆ ಕರೆತಂದಳು. ಆಸ್ಪತ್ರೆಯಲ್ಲೇ ಇರಿ ಎಂದರೆ ಅವರು ಕೇಳಲಿಲ್ಲ. ಡಾಕ್ಟರಮ್ಮ ಪೊಟ್ಯಾಸಿಯಂ ಇಳಿಸುವ ಪುಡಿ ಕೊಟ್ಟು, ಎದೆ ಹೊಡೆದುಕೊಂಡರೆ ತಕ್ಷಣ ಬನ್ನಿ ಎಂದು ಕಳಿಸಿದ್ದರು. ಮನೆಗೆ ಬಂದವಳೇ ಬಾಳೆಹಣ್ಣಿನ ಬುಟ್ಟಿಯನ್ನು ಪಕ್ಕದ ಮನೆಗೆ ಸಾಗಿಸಿದಳು. ಆಲೂಗಡ್ಡೆ ಬೇಯಿಸಲಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹೋಗಿ ಮಾವನ ನಾಡಿ ಹಿಡಿಯುತ್ತಿದ್ದಳು.

"ಎಣಿಸಿದ್ದು ಸಾಕು, ಕೂತ್ಕೊ," ಅಂದರು ಮಾವ. "ಇನ್ನೂ ಓಡ್ತಾ ಇದೆ ಇಂಜಿನ್."

ಅವಳು ಮಂಚದ ತುದಿಯಲ್ಲಿ ಕೂತಳು. "ಹತ್ತು ದಿನ ನನ್ನ ಕೈಯಾರೆ 'ಸರಿ' ಅಂತ ಬರ್ದಿದ್ದೀನಿ ಮಾವ. ಸಿಸ್ಟರ್ ಬಂದು ಕೇಳಿದಾಗ್ಲೂ ಪುಸ್ತಕ ತೋರಿಸ್ದೆ. ಮಧ್ಯಾಹ್ನ ಒಂದೇ ಒಂದು ಸಲ ನೋಡಿದ್ರೆ ಸಾಕಿತ್ತು. ಮನಸ್ಸು ಹೇಳ್ತಾನೇ ಇತ್ತು. ನಾನೇ ಅದರ ಬಾಯಿ ಮುಚ್ಚಿಸ್ದೆ, ಹೆದರುಪುಕ್ಕಲಿ ಅಂತ ಎಲ್ಲರೂ ನಗ್ತಾರಲ್ಲ ಅಂತ."

 ಸುಳ್ಳು ಸಮಾಧಾನ ಹೇಳುವ ಅಭ್ಯಾಸ ಮಾವನಿಗಿರಲಿಲ್ಲ.

"ತಪ್ಪು ಮಾಡಿದ್ದೀಯ," ಅಂದರು. "ಡಿಪೋದಲ್ಲಿ ಬೆಳಗ್ಗೆ ಬ್ರೇಕ್ ನೋಡಿ ಸಹಿ ಹಾಕಿದ್ರೆ ಮುಗೀಲಿಲ್ಲ. ಜನ ಹತ್ತಿದ ಮೇಲೆ, ಇಳಿಜಾರು ಬಂದಾಗ, ಮತ್ತೆ ಒತ್ತಿ ನೋಡ್ಬೇಕು. ನಾನೂ ಒಂದು ಸಲ ನೋಡಿರ್ಲಿಲ್ಲ. ಯಾರೂ ಸಾಯ್ಲಿಲ್ಲ, ನನ್ನ ಪುಣ್ಯ. ಆ ಇಳಿಜಾರು ಈಗಲೂ ಕನಸಲ್ಲಿ ಬರುತ್ತೆ. ಆದ್ರೆ ಕಣಮ್ಮ, ಮಾರನೇ ದಿನ ಗಾಡಿ ತೆಗೆದೆ. ತೆಗೀಲೇಬೇಕು."

ಅವಳು ಆ ದಿನ ಊಟ ಮಾಡಿದಳೋ ಇಲ್ಲವೋ ಅವಳಿಗೆ ನೆನಪಿಲ್ಲ.

ಬೆಳಗ್ಗೆ ಐದಕ್ಕೆ ಸಂಪಿನ ಬಳಿ ನಿಂತಿದ್ದಳು. ನಲ್ಲಿ ಸೂ ಎಂದು ಗಾಳಿ ಉಗುಳಿತು. ಐದು ನಿಮಿಷ, ಹತ್ತು ನಿಮಿಷ, ಬರೀ ಗಾಳಿ. ಹದಿನೈದನೆಯ ನಿಮಿಷಕ್ಕೆ ಕೆಂಪು ನೀರು ಕೆಮ್ಮಿದಂತೆ ಬಂತು, ಆಮೇಲೆ ತಿಳಿಯಾಯಿತು. ಅವಳು ಆ ಸದ್ದನ್ನು ಕೇಳುತ್ತಾ ನೆಲದ ಮೇಲೆಯೇ ಕುಕ್ಕರಿಸಿದಳು. ಪಂಪು ಹಾಕಿದಾಗ ಹೊಸ ಉಂಗುರದ ಸುತ್ತ ಒಂದು ಹನಿ ಮೂಡಿತು. ಮುಚ್ಚಳವನ್ನು ಕಾಲು ಸುತ್ತು ಬಿಗಿ ಮಾಡಿದಳು. ಹನಿ ನಿಂತಿತು. ಮೊದಲ ಒಂದು ಗಂಟೆಯ ನೀರನ್ನು ಚೆಲ್ಲಿ, ಏಳೂಕಾಲಕ್ಕೆ ನಳಿಗೆ ತುಂಬಿಸಿದಳು. ನೀಲಿ. ಬೇರೆ ನಳಿಗೆಯಲ್ಲಿ ಹಿಡಿದಳು. ನೀಲಿ. ಎಂಟೂ ಯಂತ್ರಗಳ ಹಿಂದೆ ಬಗ್ಗಿ ಒಂದೊಂದರಿಂದಲೂ ಹಿಡಿದಳು. ಎಂಟು ನಳಿಗೆಗಳನ್ನು ಸಾಲಾಗಿ ಸಿಸ್ಟರಿನ ಮೇಜಿನ ಮೇಲೆ ನಿಲ್ಲಿಸಿ, ಡಾಕ್ಟರಮ್ಮ ಬರುವವರೆಗೆ ಪಕ್ಕದಿಂದ ಕದಲಲಿಲ್ಲ. ಡಾಕ್ಟರಮ್ಮ ಪ್ರಯೋಗಾಲಯದಲ್ಲೂ ಇನ್ನೊಮ್ಮೆ ನೋಡಿಸಿ, "ಶುರು ಮಾಡಿ" ಅಂದಾಗ ಎಂಟೂಮುಕ್ಕಾಲು.

ಮೊದಲು ಹಾಕಿದ್ದು ಮಾವನಿಗೆ. ಪೊಟ್ಯಾಸಿಯಂ ಬೆಳಗ್ಗೆ ಆರು ಪಾಯಿಂಟ್ ಒಂಬತ್ತಕ್ಕೆ ಏರಿತ್ತು. ಯಂತ್ರದ ಪಕ್ಕದ ಪರದೆಯಲ್ಲಿ ಅವರ ಹೃದಯದ ಗೆರೆ ಚೂಪುಚೂಪಾಗಿ ಕುಣಿಯುತ್ತಿತ್ತು. ಎರಡು ಗಂಟೆಯ ಹೊತ್ತಿಗೆ ಆ ಚೂಪು ತಗ್ಗಿತು. ತಲೆನೋವಿಲ್ಲ, ವಾಂತಿಯಿಲ್ಲ. ಆ ಸಂಜೆಯೊಳಗೆ ಉಳಿದವರೂ ಒಬ್ಬೊಬ್ಬರಾಗಿ ತೊಳೆಸಿಕೊಂಡು ಮನೆಗೆ ಹೋದರು.

ಟೈಲರಮ್ಮ ಮಾತ್ರ ಹಾಗೆ ಹೋಗಲಿಲ್ಲ. ಏರಿದ ಒತ್ತಡಕ್ಕೆ ಮಿದುಳಿನ ಸಣ್ಣ ನಾಳವೊಂದು ಒಡೆದಿತ್ತು. ಜೀವ ಉಳಿಯಿತು, ಮಾತು ಉಳಿಯಿತು, ಎಡಗೈ ಬೆರಳುಗಳು ಸ್ವಾಧೀನ ತಪ್ಪಿದವು. ಎರಡು ವಾರದ ಮೇಲೆ ನೀರಕ್ಕ ಅವಳ ಮನೆಗೆ ಹೋದಳು. ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಕ್ಷಮಿಸಿ ಎನ್ನಲು ಹೋದವಳು ಆ ಬಟ್ಟೆಯನ್ನೇ ನೋಡುತ್ತಾ ನಿಂತಳು.

"ನಿನ್ನ ಮೇಲೆ ಸಿಟ್ಟಿಲ್ಲ ಅಂತ ಹೇಳಿದ್ರೆ ಸುಳ್ಳಾಗುತ್ತೆ," ಅಂದಳು ಟೈಲರಮ್ಮ. "ಸಿಟ್ಟಿದೆ. ಆದ್ರೆ ನೀನು ಮುಚ್ಚದೇ ಹೋಗಿದ್ರೆ ನಾನಿಲ್ಲಿ ಕೂತು ಸಿಟ್ಟು ಮಾಡ್ತಾ ಇರ್ಲಿಲ್ಲ ಅಂತಾನೂ ಗೊತ್ತಿದೆ. ಎರಡೂ ಇರ್ಲಿ. ಕಾಫಿ ಕುಡಿ."

ವಿಚಾರಣೆ ನಡೆಯಿತು. ನೀರಕ್ಕನಿಗೂ ಕಾರಣ ಕೇಳಿ ನೋಟಿಸು ಬಂತು. ಮ್ಯಾನೇಜರ್ ಟ್ಯಾಂಕರಿನ ಮಾತು ಬಾಯಲ್ಲಿ ಹೇಳಿದ್ದೆ ಎಂದ. ಯಾರಿಗೆ ಹೇಳಿದ್ದು ಎಂಬುದು ಅವನಿಗೆ ನೆನಪಾಗಲಿಲ್ಲ. ಗಂಡ, ಒಳ್ಳೆ ವಕೀಲರಿಂದ ಬರೆಸು ಎಂದ. ಅವಳು ತಾನೇ ಬರೆದಳು, ಅರ್ಧ ಹಾಳೆ: ಟ್ಯಾಂಕರ್ ಬರುವುದು ನನಗೆ ಗೊತ್ತಿರಲಿಲ್ಲ; ಪೊರೆ ಹಳೆಯದೆಂದು ಬರೆದುಕೊಟ್ಟಿದ್ದೆ; ರೋಗಿಗಳಿಗೆ ತೊಂದರೆಯೆಂದು ಕೇಳಿದ ಮೇಲೂ ಮಧ್ಯಾಹ್ನ ಪರೀಕ್ಷೆ ಮಾಡದೆ ಇದ್ದದ್ದು ನನ್ನ ತಪ್ಪು. ಮೂರನೇ ಸಾಲನ್ನು ತೆಗೆದುಬಿಡು ಎಂದು ದೊಡ್ಡ ಸಿಸ್ಟರ್ ಎಷ್ಟು ಹೇಳಿದರೂ ತೆಗೆಯಲಿಲ್ಲ. ಡಾಕ್ಟರಮ್ಮ ಆ ಕಾಗದದ ಕೆಳಗೆ ತಮ್ಮದೊಂದು ಸಾಲು ಸೇರಿಸಿದರು: ಅವತ್ತು ಫೋನು ಎತ್ತದೆ ಇದ್ದದ್ದು ನನ್ನ ತಪ್ಪು. ಕೆಲಸ ಉಳಿಯಿತು. ಹೊಸ ಪೊರೆ ಒಂದೇ ವಾರದಲ್ಲಿ ಬಂತು. ಪ್ರತಿ ಸರದಿಗೂ ಮೊದಲು ನೀರಿನ ಪರೀಕ್ಷೆ ಆಗಲೇಬೇಕೆಂಬ ನಿಯಮವೂ ಆಯಿತು. ರೋಗಿಗಳು ಅದನ್ನು ತಮ್ಮದೇ ರೀತಿಯಲ್ಲಿ ಜಾರಿಗೆ ತಂದರು. ನೀರಕ್ಕ ಮೇಲೆ ಬಂದು ಬಣ್ಣ ಹೇಳುವವರೆಗೆ ಯಾರೂ ಸೂಜಿಗೆ ತೋಳು ಕೊಡುತ್ತಿರಲಿಲ್ಲ.

ಬಳ್ಳಿಯ ತೋಟದಲ್ಲಿ ಟೊಮೇಟೊ ಸಸಿಗಳು ಉಳಿಯಲಿಲ್ಲ. ಗುಲಾಬಿ ಕುಂಡಗಳಿಗೆ ಅವಳು ಮೊದಲ ಮಳೆಯ ನೀರನ್ನು ಮತ್ತೆ ಮತ್ತೆ ಸುರಿದು, ತಳದ ತೂತಿನಿಂದ ಉಪ್ಪೆಲ್ಲ ಇಳಿದುಹೋಗುವಂತೆ ತೊಳೆದಳು. ಎರಡು ಗಿಡ ಚಿಗುರಿದವು.

ಮಾವ ಆಮೇಲೆ ಎರಡೂವರೆ ವರ್ಷ ಬದುಕಿದರು. ಐಸಿನ ಜಗಳ ಕೊನೆಯ ತಿಂಗಳವರೆಗೂ ನಡೆಯಿತು. ಹೋದದ್ದು ಹೃದಯ ನಿಂತು, ಮನೆಯಲ್ಲಿ, ಪತ್ರಿಕೆ ಓದುತ್ತಾ. ನೀರಿಗೂ ಅದಕ್ಕೂ ಸಂಬಂಧವಿಲ್ಲ ಎಂದು ಡಾಕ್ಟರಮ್ಮ ಅವಳಿಗೆ ಮೂರು ಸಲ ಹೇಳಬೇಕಾಯಿತು.

ಅವರಿಲ್ಲದ ಮೇಲೂ ನೀರಕ್ಕ ಆ ಕೋಣೆ ಬಿಡಲಿಲ್ಲ. ಅವಳ ಹೆದರಿಕೆಯೂ ಅವಳನ್ನು ಬಿಡಲಿಲ್ಲ. ಬದಲಾದದ್ದು ಒಂದೇ: ಅದಕ್ಕಾಗಿ ನಾಚಿಕೊಳ್ಳುವುದನ್ನು ನಿಲ್ಲಿಸಿದ್ದಳು. ಗಂಡನ ಕಣ್ಣಿನ ಆಪರೇಶನ್ನಿಗೆಂದು ವರ್ಷಗಳ ನಂತರ ಎರಡು ದಿನ ರಜೆ ಹಾಕಿದಾಗ, ಮೊದಲ ದಿನವೇ ಮಧ್ಯಾಹ್ನದೊಳಗೆ ಮೂರು ಸಲ ವಾರ್ಡಿಗೆ ಫೋನು ಮಾಡಿದಳು.

"ಎಲ್ಲ ಸರಿ ಇದೆ. ಇನ್ನೊಂದು ಸಲ ಮಾಡಿದ್ರೆ ಎತ್ತಲ್ಲ," ಅಂದರು ದೊಡ್ಡ ಸಿಸ್ಟರ್.

"ಎತ್ತದಿದ್ರೆ ಅಲ್ಲಿಗೇ ಬರ್ತೀನಿ," ಅಂದಳು ನೀರಕ್ಕ.

ಆ ಕಡೆ ಸಿಸ್ಟರ್ ಜೋರಾಗಿ ನಕ್ಕರು. ನಾಲ್ಕನೆಯ ಸಲವೂ ಎತ್ತಿದರು.